ನಾಲ್ಕನೇ ಮೇಜಿನ ಮೂವತ್ತೈದು ನಿಮಿಷ

೬ ಫೆಬ್ರವರಿ

ಗಿಣೀ,

ಇದನ್ನು ನಿನ್ನ ಕೈಗೆ ಕೊಟ್ಟವಳು ಆಫೀಸಿನೆದುರಿನ ಸ್ಟೇಷನರಿ ಅಂಗಡಿಯಾಕೆ. ಪೆನ್ನಿನ ರೀಫಿಲ್ಲಿಗೆಂದು ನೀನು ಹೇಗೂ ಅಲ್ಲಿಗೆ ಹೋಗುತ್ತೀಯ. ಇನ್ನು ಮೇಲೆ ನನ್ನ ಕಾಗದಗಳು ಅವಳ ಗಲ್ಲಾದ ಹಿಂದೆ ಬಂದು ಕೂರುತ್ತವೆ. ಫೋನಿನಲ್ಲಿ ಬರೆಯುವುದಿಲ್ಲ. ನಿನ್ನ ಫೋನು ಸಂಜೆಯಾದರೆ ನಿನ್ನ ಗಂಡನ ಕೈಗೆ ಹೋಗುತ್ತದೆಂದು ನೀನೇ ಒಮ್ಮೆ ನಗುತ್ತಾ ಹೇಳಿದ್ದೆ. ಅದಿರಲಿ, ನನಗೂ ಈಗ ಒತ್ತಿ ಬರೆಯುವ ಅಕ್ಷರವೆಂದರೆ ಭಯ. ಮೂರು ತಿಂಗಳು ನಾನು ಆಫೀಸಿನ ಕಂಪ್ಯೂಟರಿನಲ್ಲಿ ಒತ್ತಿದ್ದೆಲ್ಲ ಹದಿನಾಲ್ಕು ಹಾಳೆಗಳಾಗಿ ನನ್ನೆದುರಿಗೇ ಬಂದು ಬಿತ್ತಲ್ಲ.

ನನ್ನನ್ನು ಕೆಲಸದಿಂದ ತೆಗೆದ ದಿನ ಆ ಕೋಣೆಯೊಳಗೆ ಏನಾಯಿತೆಂದು ನಿನಗೆ ಪೂರ್ತಿ ಹೇಳಿಲ್ಲ. ಮ್ಯಾನೇಜರ್ ಕುರ್ಚಿಯಲ್ಲಿ ಮೀಸೆ ಸಾರ್ ಇದ್ದರು, ಪಕ್ಕದಲ್ಲಿ ಸಿಬ್ಬಂದಿ ವಿಭಾಗದ ಕನ್ನಡಕದಾಕೆ. ಹಾಳೆಗಳನ್ನು ಒಂದೊಂದಾಗಿ ತಿರುವಿ ಮೀಸೆ ಸಾರ್ ಗಟ್ಟಿಯಾಗಿ ಓದಿದರು. “ಮಂಡಿ ನೋವಿಗೆ ಮನೆಯಲ್ಲೇ ವ್ಯಾಯಾಮ.” ತಿರುವಿದರು. “ಗೋಡೆಯ ಮೇಲಿನ ಎಣ್ಣೆ ಕಲೆ ತೆಗೆಯೋದು ಹೇಗೆ.” ತಿರುವಿದರು. “ನಲವತ್ತೇಳನೇ ವಯಸ್ಸಲ್ಲಿ ಈಜು ಕಲಿಯಬಹುದಾ?” ಇದನ್ನು ಓದಿ ತಲೆಯೆತ್ತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವೆಲ್ಲ ನನ್ನವೇ, ಇಲ್ಲವೆನ್ನುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಕರೆ ಎತ್ತುವುದು, ಮೆಕ್ಯಾನಿಕ್ ಹೋಗಿ ಬಾಗಿಲು ಬಿಡಿಸುವವರೆಗೂ ಅವರ ಜೊತೆ ಮಾತಾಡುತ್ತಿರುವುದು. ಹತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ಯಾರೂ ಸಿಕ್ಕಿಕೊಳ್ಳದ ಹೊತ್ತಿನಲ್ಲಿ ಮಂಡಿ ನೋವಿನ ಬಗ್ಗೆ ಓದಿದೆ. ಕಂಪನಿಯ ಕಂಪ್ಯೂಟರಿನಲ್ಲಿ ಓದಬಾರದಿತ್ತು, ಓದಿದೆ. ಆದರೆ ಕೊನೆಯ ಹಾಳೆ ನನ್ನದಲ್ಲ ಗಿಣಿ, ಅದರ ಪ್ರತಿಯನ್ನು ಕೇಳಿ ತಂದಿಟ್ಟುಕೊಂಡಿದ್ದೇನೆ. ಜನವರಿ ಇಪ್ಪತ್ತೆರಡು, ಬೆಳಿಗ್ಗೆ ೧೧.೧೪ರಿಂದ ೧೧.೪೯. ನಾಲ್ಕನೇ ಮೇಜು, ನನ್ನ ಹೆಸರು, ನನ್ನ ಪಾಸ್‌ವರ್ಡ್. “ಬಾಡಿಗೆಗೆ ಒಂದು ಕೋಣೆ, ಹೆಂಗಸರಿಗೆ ಮಾತ್ರ.” ಇಂಥವು ಹನ್ನೆರಡು ಜಾಹೀರಾತು ತೆರೆದು ನೋಡಿದ್ದಾರೆ. ಅದೇ ಮೂವತ್ತೈದು ನಿಮಿಷ ಆ ವಯಸ್ಸಾದ ದರ್ಜಿ ಮೂರನೇ ಮಹಡಿಗೂ ನಾಲ್ಕನೆಯದಕ್ಕೂ ನಡುವೆ ನಿಂತ ಲಿಫ್ಟಿನಲ್ಲಿ ಗುಂಡಿ ಒತ್ತುತ್ತಿದ್ದರು. ಆರು ಸಲ ಕರೆ ನನ್ನ ಮೇಜಿಗೆ ಬಂದಿದೆ. ಆರು ಸಲವೂ ಯಾರೂ ಎತ್ತಿಲ್ಲ. ಕೊನೆಗೆ ಬಾಗಿಲು ಬಿಡಿಸಿದ್ದು ನಿನ್ನ ಗಂಡನೇ ಅಲ್ಲವೇ? ದರ್ಜಿ ಪ್ರಜ್ಞೆ ತಪ್ಪಿ ಮೂಲೆಯಲ್ಲಿ ಬಿದ್ದಿದ್ದರಂತೆ, ಮೂರು ದಿನ ಆಸ್ಪತ್ರೆಯಲ್ಲಿದ್ದರಂತೆ.

ನಾನು ಸೀಟಿನಲ್ಲಿರಲಿಲ್ಲವೆಂದು ನಿನ್ನೊಬ್ಬಳಿಗೆ ಗೊತ್ತು. ಚಪ್ಪಲಿಯ ಪಟ್ಟಿ ಕಿತ್ತು, ಹೊರಗೆ ಹೋಗುವ ಚೀಟಿ ಬರೆಸದೆ, ಮೂಲೆಯಲ್ಲಿ ಚಪ್ಪಲಿ ಹೊಲಿಯುವವನ ಹತ್ತಿರ ಹೋಗಿದ್ದೆ. “ನನ್ನ ಫೋನ್ ನೋಡ್ಕೋ ಗಿಣಿ” ಅಂದೆ. “ಹೋಗ್ಬನ್ನಿ ಅಕ್ಕ” ಅಂದೆ ನೀನು. ಇದನ್ನು ಮೀಸೆ ಸಾರ್‌ಗೆ ಹೇಳಲಿಲ್ಲ. ಹೇಳಿದ್ದರೆ ‘ಫೋನು ಯಾರಿಗೆ ಒಪ್ಪಿಸಿದ್ದೆ’ ಎಂಬುದೇ ಅವರ ಮುಂದಿನ ಪ್ರಶ್ನೆ. ಒಬ್ಬಳ ಅನ್ನ ಹೋದದ್ದು ಸಾಕು.

ಮನೆ ಖಾಲಿ ಮಾಡಿ ತಮ್ಮನ ಊರಿಗೆ ಬಂದಿದ್ದೇನೆ. ಅವನ ಹೆಂಡತಿ ಒಳ್ಳೆಯವಳು. ನನ್ನ ಪೆಟ್ಟಿಗೆಗಳನ್ನು ಎಲ್ಲಿಡಬೇಕೆಂದು ದಿನಕ್ಕೆರಡು ಸಲ ಕೇಳುತ್ತಾಳೆ. ಮರುವಿಚಾರಣೆಗೆ ಅರ್ಜಿ ಹಾಕಿದ್ದೇನೆ, ಮೇ ತಿಂಗಳಲ್ಲಿ ಕರೆಯುತ್ತಾರೆ. ಅಷ್ಟರಲ್ಲಿ ನನಗೊಂದು ವಿಷಯ ಗೊತ್ತಾಗಬೇಕು. ನೀನು ಪಕ್ಕದ ಐದನೇ ಮೇಜಿನಲ್ಲಿದ್ದೆ. ನನ್ನ ಕುರ್ಚಿಯಲ್ಲಿ ಯಾರು ಕೂತಿದ್ದರು?

ನಿನ್ನ ಪಕ್ಕದ ಕುರ್ಚಿಯ
ಅಕ್ಕ


೧೪ ಫೆಬ್ರವರಿ

ಅಕ್ಕಾ,

ಅಂಗಡಿಯಾಕೆ ನಿಮ್ಮ ಕಾಗದ ಕೊಟ್ಟಾಗ ಯಾರಿಗೂ ಅನುಮಾನ ಬರಬಾರದೆಂದು ಬೇಡದಿದ್ದರೂ ನಾಲ್ಕು ರೀಫಿಲ್ ಕೊಂಡೆ. ಓದಿದ್ದು ಹೆಂಗಸರ ಶೌಚಾಲಯದಲ್ಲಿ, ನಲ್ಲಿ ಬಿಟ್ಟುಕೊಂಡು. ಕಳ್ಳತನ ಮಾಡುತ್ತಿದ್ದೇನೇನೋ ಅನ್ನಿಸಿತು.

ನಿಮ್ಮ ಕುರ್ಚಿ ಹಾಗೇ ಇದೆ. ಮೀಸೆ ಸಾರ್ ಗೋಡೆಗೆ ನೋಟೀಸು ಅಂಟಿಸಿದ್ದಾರೆ. ಪ್ರತಿ ಶನಿವಾರ ಎಲ್ಲರ ಹಾಳೆ ತೆಗೆಸಿ ನೋಡುತ್ತಾರಂತೆ. ಮೊನ್ನೆ ಬಿಲ್ಲಿಂಗಿನವರು ಹೊರಗೆ ಮೋಡ ಇದೆಯಲ್ಲ ಎಂದು ಹವಾಮಾನ ನೋಡಿದ್ದಕ್ಕೆ ಒಳಗೆ ಕರೆಸಿದರು. “ಕಿಟಕಿ ಇದೆಯಲ್ರೀ, ತಲೆ ಹೊರಗೆ ಹಾಕಿ ನೋಡಿ” ಅಂದರಂತೆ. ಈಗ ಯಾರೂ ಯಾರ ಹಿಂದೆಯೂ ನಿಲ್ಲುವುದಿಲ್ಲ. ನಿಂತರೆ ಪರದೆ ನೋಡುತ್ತಿದ್ದಾರೆಂದು ಲೆಕ್ಕ.

ನೀವು ಕೇಳಿದ್ದಕ್ಕೆ ಹೇಳುತ್ತೇನೆ. ನೀವು ಆ ಕಡೆ ಹೋದಿರಿ, ನಾನು ಐದು ನಿಮಿಷ ಬಿಟ್ಟು ಹಳೇ ಕಡತ ತರಲು ಕೆಳಗಿನ ಕೋಣೆಗೆ ಹೋದೆ. ಹುಡುಕಿ ಮೇಲೆ ಬರುವಷ್ಟರಲ್ಲಿ ತಡವಾಯಿತು. ಬಂದಾಗ ನಿಮ್ಮ ಮೇಜಿನ ಹತ್ತಿರ ನಮ್ಮ ಕಂಪ್ಯೂಟರ್ ರಿಪೇರಿಯ ಹುಡುಗ ತಂತಿ ನಿಂತಿದ್ದ. “ಏನಿಲ್ಲ, ವೈರ್ ನೋಡ್ತಿದ್ದೆ” ಅಂದ. ಕಂಪ್ಯೂಟರುಗಳೆಲ್ಲ ಅವನ ಕೈಯಲ್ಲೇ ಇರುವಾಗ ಪಾಸ್‌ವರ್ಡ್ ಅವನಿಗೆ ಯಾವ ಲೆಕ್ಕ? ಅವನ ತಂಗಿ ಈ ಊರಿಗೆ ಬರುತ್ತಾಳಂತೆ, ಕೋಣೆ ಬೇಕು ಅನ್ನುತ್ತಿದ್ದ. ನನಗೆ ಗೊತ್ತಿರುವುದು ಇಷ್ಟೇ. ನಾನು ಹೇಳಿದೆನೆಂದು ಮಾತ್ರ ಎಲ್ಲೂ ಹೇಳಬೇಡಿ. ನಮ್ಮವರೂ ಅವನೂ ಒಂದೇ ಬೈಕಿನಲ್ಲಿ ಹೋಗಿ ಬರುವವರು.

ನನಗೋಸ್ಕರ ನೀವು ಬಾಯಿ ಮುಚ್ಚಿಕೊಂಡಿರಿ. ಅದನ್ನು ಓದಿದ ಮೇಲೆ ಊಟ ಸೇರಲಿಲ್ಲ.

ನಿಮ್ಮ ಗಿಣಿ


೨ ಮಾರ್ಚ್

ಗಿಣಿ,

ನಿನ್ನ ಹೆಸರು ಎಲ್ಲೂ ಬರದ ಹಾಗೆ ಬರೆದಿದ್ದೇನೆ. ಸಿಬ್ಬಂದಿ ವಿಭಾಗಕ್ಕೆ ಎರಡು ಪುಟದ ದೂರು, ತಂತಿಯ ಮೇಲೆ. ‘ನನಗೆ ತಿಳಿದುಬಂದಂತೆ’ ಎಂದು ಶುರು ಮಾಡಿದೆ.

ಅನುಮಾನ ಒಮ್ಮೆ ಒಳಗೆ ಕಾಲಿಟ್ಟರೆ ಸುಮ್ಮನೆ ಕೂರುವುದಿಲ್ಲ ನೋಡು, ಮನೆಯ ಸಾಮಾನೆಲ್ಲ ತಾನೇ ಜೋಡಿಸುತ್ತದೆ. ಕಳೆದ ಬೇಸಿಗೆಯಲ್ಲಿ ನನ್ನ ಫ್ಯಾನು ಕೆಟ್ಟಾಗ ತಂತಿ ತನ್ನದನ್ನೇ ತಂದು ನನ್ನ ಮೇಜಿಗಿಟ್ಟಿದ್ದ. ಎಂಥ ಒಳ್ಳೆಯ ಹುಡುಗ ಎಂದು ಆಗ ಊರೆಲ್ಲ ಹೇಳಿದೆ. ಈಗ ಕೇಳಿಕೊಳ್ಳುತ್ತಿದ್ದೇನೆ, ಯಾಕೆ ತಂದಿಟ್ಟ? ನನ್ನ ಮೇಜಿನ ಕೆಳಗೆ ಬಗ್ಗಲು ಅವನಿಗೊಂದು ನೆಪ ಬೇಕಿತ್ತೇ? ಮಾತಾಡುವಾಗ ಮುಖ ನೋಡುತ್ತಿರಲಿಲ್ಲ. ಸಂಕೋಚದವನು ಅಂದುಕೊಂಡಿದ್ದೆ. ನೋಡು, ಹೇಗೆ ಎಲ್ಲ ಸರಿಯಾಗಿ ಕೂರುತ್ತಿದೆ.

ಒಂದು ಮಾತು ಮಾತ್ರ ಕೂರುತ್ತಿಲ್ಲ. ಕೆಳಗಿನ ಕಡತದ ಕೋಣೆಯ ಬೀಗದ ಕೈ ಜನವರಿಯಲ್ಲಿ ಕಳೆದುಹೋಗಿತ್ತಲ್ಲ? ನಾವಿಬ್ಬರೂ ಮೇಜಿನ ಡ್ರಾಯರುಗಳನ್ನೆಲ್ಲ ಸುರಿದು ಹುಡುಕಿದ್ದೆವು. ಆಮೇಲೆ ಸಿಕ್ಕಿತ್ತೇನೋ. ನನಗೆ ನೆನಪಿಲ್ಲ. ನಿನಗಿದ್ದರೆ ಬರೆ.

ನೀನು ಸರಿಯಾಗಿ ಊಟ ಮಾಡು.

ಅಕ್ಕ


೨೦ ಮಾರ್ಚ್

ಅಕ್ಕಾ,

ಬೀಗದ ಕೈ ಸಿಕ್ಕಿತ್ತು. ನಿಮಗೆ ಹೇಳುವುದು ಮರೆತೆ.

ತಂತಿಯ ಕೈಯಿಂದ ಎಲ್ಲ ಕೀಲಿ ಕಿತ್ತುಕೊಂಡಿದ್ದಾರೆ. ವಿಚಾರಣೆ ಮುಗಿಯುವವರೆಗೂ ಕಂಪ್ಯೂಟರ್ ಮುಟ್ಟುವಂತಿಲ್ಲ. ಗೋದಾಮಿನ ಬಾಗಿಲ ಹತ್ತಿರ ಒಂದು ಸ್ಟೂಲು ಹಾಕಿ ಕೂರಿಸಿ, ಲಿಫ್ಟಿನ ಹಳೇ ಗುಂಡಿಗಳನ್ನು ಒಳ್ಳೆಯದು, ಕೆಟ್ಟದ್ದು ಎಂದು ಆರಿಸಲು ಕೊಟ್ಟಿದ್ದಾರೆ. ನಿನ್ನೆ ಅವನ ಮುಂದೆ ಹಾದುಹೋದೆ. “ಅಕ್ಕ ಚೆನ್ನಾಗಿದ್ದಾರಾ?” ಎಂದು ಕೇಳಿದ. ನಿಮ್ಮನ್ನೇ. ದೂರು ಕೊಟ್ಟವರು ಯಾರೆಂದು ಅವನಿಗಿನ್ನೂ ಹೇಳಿಲ್ಲ.

ಅಕ್ಕ, ಆ ದೂರನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲವೇ? ನಾನು ಕಂಡದ್ದು ದೂರದಿಂದ. ಅವನು ಬರೀ ವೈರನ್ನೇ ನೋಡುತ್ತಿದ್ದನೇನೋ. ಆ ಕೊನೆಯ ಹಾಳೆಯನ್ನು ನೀವು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ? ಹಾಳು ಕಾಗದ, ಸುಟ್ಟುಬಿಡಿ. ನೋಡಿದಷ್ಟೂ ನಿಮಗೇ ಸಂಕಟ.

ಸ್ವಲ್ಪ ದಿನ ಬರೆಯಬೇಡಿ. ನಮ್ಮವರು ನನ್ನ ಚೀಲದಲ್ಲಿ ರೀಫಿಲ್ಲುಗಳನ್ನು ನೋಡಿದರು. ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟರು. ಹನ್ನೊಂದಿದ್ದವು. “ಇಷ್ಟೊಂದು ಬರೆಯೋದು ಏನಿದೆ ನಿಂಗೆ?” ಅಂದರು. ಅಷ್ಟೇ ಅಂದದ್ದು. ಆಮೇಲೆ ಟೀವಿ ನೋಡಿದರು.

ಗಿಣಿ


೧೧ ಏಪ್ರಿಲ್

ಗಿಣಿ,

ಹಾಳೆಯನ್ನು ಸುಡಲಿಲ್ಲ. ಸುಟ್ಟುಬಿಡಿ ಎಂದು ನೀನು ಬರೆಯದೇ ಇದ್ದಿದ್ದರೆ ಬಹುಶಃ ತೆಗೆದೂ ನೋಡುತ್ತಿರಲಿಲ್ಲ.

ತಮ್ಮನ ಕಂಪ್ಯೂಟರಿನ ಮುಂದೆ ಕೂತು, ಹಾಳೆಯ ಮೇಲಿದ್ದ ವಿಳಾಸಗಳನ್ನು ಅಕ್ಷರ ಅಕ್ಷರ ನೋಡಿ ಒತ್ತಿದೆ. ಹನ್ನೊಂದು ಜಾಹೀರಾತು ಹೋಗಿವೆ. ಒಂದು ಉಳಿದಿತ್ತು. ನೆಲಮಹಡಿ, ಹಿಂಭಾಗದಲ್ಲಿ ಪ್ರತ್ಯೇಕ ಬಾಗಿಲು, ಹೆಂಗಸರಿಗೆ ಮಾತ್ರ. ಫೋನ್ ಮಾಡಿದೆ. ಮನೆಯೊಡತಿ ಕೆಮ್ಮುತ್ತಾ ಮಾತಾಡಿದಳು.

“ಆ ಕೋಣೆ ಹೋಯ್ತಮ್ಮ. ಜಾಹೀರಾತು ತೆಗೆಯೋಕೆ ನಂಗೆ ಬರಲ್ಲ.”

“ಯಾರು ತಗೊಂಡ್ರು?”

“ಲಿಫ್ಟ್ ಆಫೀಸಿನಾಕೆ. ಬೀಗದ ಕೈ ಇಸ್ಕೊಂಡು ಎರಡು ತಿಂಗಳು ಮೇಲಾಯ್ತು, ಇನ್ನೂ ಸಾಮಾನು ತಂದಿಲ್ಲ. ಬುಧವಾರ ಮಧ್ಯಾಹ್ನ ಬರ್ತಾಳೆ, ಬರೀ ನೆಲದ ಮೇಲೆ ಹತ್ತು ನಿಮಿಷ ಕೂತು ಹೋಗ್ತಾಳೆ. ಮಾತು ಮಾತ್ರ ಭಾರೀ ಚೆಂದ. ನೀವು ಅವಳಿಗೇನಾಗಬೇಕು?”

ಏನೂ ಆಗಬೇಕಿಲ್ಲ ಎಂದೆ.

ನಮ್ಮ ಆಫೀಸಿನಲ್ಲಿ ಕರೆ ಎತ್ತುವ ಹೆಂಗಸರೆಂದರೆ ಇದ್ದದ್ದು ನಾವಿಬ್ಬರೇ. ಇದು ನನಗೆ ಮೊದಲ ದಿನವೇ ಹೊಳೆಯಬೇಕಿತ್ತು. ಹೊಳೆದಿತ್ತೇನೋ, ನಾನೇ ಅದರ ಮೇಲೆ ಚಾಪೆ ಎಳೆದಿರಬೇಕು. ನನ್ನ ಕುರ್ಚಿಯಲ್ಲಿ ಕೂತೆ. ನನ್ನ ಹೆಸರಿನಲ್ಲಿ ಹುಡುಕಿದೆ. ನಾನು ಒಪ್ಪಿಸಿಹೋದ ಫೋನು ಆರು ಸಲ ಹೊಡೆದುಕೊಂಡರೂ ಎತ್ತಲಿಲ್ಲ. ಅದನ್ನೂ ನುಂಗಬಹುದಿತ್ತು. ಆದರೆ ನಾನು ಕೇಳಿದಾಗ ಒಬ್ಬ ಬಡಪಾಯಿಯನ್ನು ತೋರಿಸಿದೆಯಲ್ಲ, ಅವನ ತಂಗಿಯನ್ನೂ ಸೇರಿಸಿ ಕಥೆ ಹೆಣೆದೆಯಲ್ಲ. ಅದನ್ನು ನಂಬಿ ನಾನು ನನ್ನ ಕೈಯಾರೆ ಎರಡು ಪುಟ ಬರೆದು ಸಹಿ ಹಾಕಿದೆ. ಗಿಣಿ ಅಂದವರು ಯಾರು ನಿನ್ನನ್ನು? ನಾನೇ.


೧೭ ಏಪ್ರಿಲ್

ಮೇಲಿನದನ್ನು ಅಂಚೆಗೆ ಹಾಕಿರಲಿಲ್ಲ. ಹರಿದುಹಾಕಬೇಕೆಂದು ಇವತ್ತು ಕೈಗೆತ್ತಿಕೊಂಡೆ, ಹರಿಯಲಿಲ್ಲ. ಅದೂ ನಿಜವೇ, ಇರಲಿ.

ನಿನ್ನೆ ಮಧ್ಯಾಹ್ನ ನಿನ್ನ ಗಂಡ ಇಲ್ಲಿಗೆ ಬಂದಿದ್ದ. ವಿಳಾಸ ಎಲ್ಲಿಂದ ಸಿಕ್ಕಿತೋ ಗೊತ್ತಿಲ್ಲ, ನನ್ನ ಹಳೇ ಕಡತದಿಂದ ಇರಬೇಕು. ಚಪ್ಪಲಿ ಬಾಗಿಲಾಚೆ ಬಿಟ್ಟು, ಕೈಕಟ್ಟಿ ಕೂತು, ತಮ್ಮನ ಮನೆ ಚೆನ್ನಾಗಿದೆ ಎಂದ. ಅಷ್ಟು ಮೆತ್ತಗೆ ಮಾತಾಡುವ ಗಂಡಸನ್ನು ನಾನು ಕಂಡಿಲ್ಲ.

“ನನ್ನ ಹೆಂಡತಿ ನಿಮಗೆ ಕಾಗದ ಬರೀತಾಳಂತೆ. ಏನು ಬರೀತಾಳೆ?”

“ಮಂಡಿ ನೋವಿಗೆ ಯಾವುದೋ ಎಣ್ಣೆ ಹೇಳಿದ್ದಳು. ಅದರದ್ದೇ ವಿಷಯ.”

“ಇಷ್ಟು ಕಾಗದಕ್ಕೆಲ್ಲ ಎಣ್ಣೆನೇನಾ ಅಕ್ಕ? ನೀವು ಬರೆದದ್ದೂ ಸ್ಟೇಷನರಿ ಅಂಗಡಿಗೆ ಬರುತ್ತಂತೆ.” ನಕ್ಕ. ಆಮೇಲೆ ಒಂದೊಂದೇ ಕೇಳುತ್ತಾ ಹೋದ. ಬುಧವಾರ ಊಟದ ಬಿಡುವಿನಲ್ಲಿ ನೀನು ಎಲ್ಲಿಗೆ ಹೋಗುತ್ತೀಯ. ನನ್ನ ಜೊತೆಗಿದ್ದಾಗಲೂ ಹೋಗುತ್ತಿದ್ದೆಯಾ. ಆಫೀಸಿನಿಂದ ಬಸ್‌ಸ್ಟಾಪಿಗೆ ಆರು ನಿಮಿಷದ ದಾರಿ, ನಿನಗೆ ಒಂಬತ್ತು ಯಾಕೆ ಬೇಕು. ಗಡಿಯಾರ ಇಟ್ಟುಕೊಂಡು ನಿನ್ನ ಹಿಂದೆ ನಡೆದಿದ್ದಾನೆ ಗಿಣಿ. ಹೊರಡುವಾಗ ಹೇಳಿದ, “ನಾನು ಯಾವತ್ತೂ ಅವಳ ಮೇಲೆ ಕೈ ಎತ್ತಿಲ್ಲ, ಬೇಕಾದ್ರೆ ಕೇಳಿ.” ನಾನು ಕೇಳಿರಲಿಲ್ಲ.

ಅವನು ಹೋದ ಮೇಲೆ ಬಾಗಿಲು ಹಾಕಿ ಅಲ್ಲೇ ನಿಂತೆ. ಒಂದು ಕೋಣೆ ಯಾಕೆಂದು ಆಗ ಗೊತ್ತಾಯಿತು. ನಿನ್ನ ಯಂತ್ರ ಬಿಟ್ಟು ನನ್ನದರಲ್ಲಿ ಯಾಕೆ ಹುಡುಕಿದೆ ಎಂಬುದೂ.

ಅಂಗಡಿ ಇನ್ನು ಕ್ಷೇಮವಲ್ಲ. ಇದನ್ನು ಆ ಕೋಣೆಯ ವಿಳಾಸಕ್ಕೇ ಕಳಿಸುತ್ತಿದ್ದೇನೆ. ನಿನ್ನ ಕೈಗೇ ಕೊಡಬೇಕೆಂದು ಮನೆಯೊಡತಿಗೆ ಫೋನಿನಲ್ಲಿ ಹೇಳಿದ್ದೇನೆ. ವಿಚಾರಣೆ ಮೇ ಇಪ್ಪತ್ತಕ್ಕೆ. ಯಾರು ಕೂತಿದ್ದರೆಂದು ಅವರು ಕೇಳಿಯೇ ಕೇಳುತ್ತಾರೆ. ತಂತಿಯ ಮೇಲಿನ ದೂರನ್ನು ವಾಪಸ್ ಪಡೆಯುತ್ತೇನೆ. ಅದರ ಮುಂದೆ ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ. ಹೇಳುವುದಿಲ್ಲವೆಂದು ಮಾತು ಕೊಡಲಾರೆ. ಅದಕ್ಕೇ ಮೊದಲೇ ತಿಳಿಸುತ್ತಿದ್ದೇನೆ.

ಅಕ್ಕ


೫ ಮೇ

ಅಕ್ಕಾ,

ಇದನ್ನು ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬಂದು ಮೂರು ದಿನವಾಯಿತು.

ಆ ಮೂವತ್ತೈದು ನಿಮಿಷವನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಯಂತ್ರದಲ್ಲಿ ಹುಡುಕಿದ್ದನ್ನು ತಂತಿ ನೋಡಿದರೆ ಬೈಕಿನಲ್ಲಿ ಹೋಗುವಾಗ ಮಾತಿನ ನಡುವೆ ನಮ್ಮವರಿಗೆ ಹೇಳಿಬಿಡುತ್ತಾನೆಂದು ಹೆದರಿಕೆ. ನೀವು ಪರದೆ ಮುಚ್ಚದೆ ಎದ್ದು ಹೋದಿರಿ. ನಾನು ಕೂತೆ. ನನ್ನ ಫೋನಿನಿಂದ ಮಾತಾಡಿದರೆ ಸಂಜೆ ಲೆಕ್ಕ ಕೊಡಬೇಕು, ಅದಕ್ಕೆ ನಿಮ್ಮ ಮೇಜಿನ ಫೋನಿನಲ್ಲೇ ಒಬ್ಬೊಬ್ಬರಿಗೂ ಮಾಡಿದೆ. ಎಲ್ಲರೂ ಕೇಳುವುದು ಒಂದೇ, “ಮದುವೆಯಾಗಿದ್ಯಾ? ಮತ್ತೆ ಕೋಣೆ ಯಾಕೆ?” ಲಿಫ್ಟಿನ ಕರೆಯ ಕೆಂಪು ದೀಪ ಮಿನುಗಿತು. ಮೊದಲ ಎರಡು ಸಲ ನಾನು ನೋಡಲಿಲ್ಲ. ಮೂರನೆಯದು ನೋಡಿದೆ. ಆಗ ಈ ಮನೆಯೊಡತಿ ಲೈನಿನಲ್ಲಿದ್ದಳು, ಏನೂ ಕೇಳದೆ “ಯಾವಾಗ ಬರ್ತೀಯ?” ಅಂದ ಮೊದಲನೆಯವಳು. ಎತ್ತದಿದ್ದರೆ ಕರೆ ತಾನಾಗಿ ಮುಂದಿನ ಮೇಜಿಗೆ ಹೋಗುತ್ತದೆಂದು ಬಿಟ್ಟೆ. ಮುಂದಿನ ಮೇಜು ಐದನೆಯದು. ನನ್ನದೇ ಅಲ್ಲವೇ ಅಕ್ಕ. ಅಲ್ಲಿ ಯಾರಿದ್ದರು?

ತಂತಿಯ ಹೆಸರು ಹೇಳಿದ್ದಕ್ಕೆ ನ್ಯಾಯ ಹೇಳಲಾರೆ. ಪೆನ್ನು ಹಿಡಿದಾಗ ಯಾರಾದರೊಬ್ಬರು ಬೇಕಿತ್ತು, ಎದುರಿಗೆ ಅವನು ಏಣಿ ಹೊತ್ತು ಹೋಗುತ್ತಿದ್ದ. ಅವನಿಗೆ ತಂಗಿಯೇ ಇಲ್ಲ.

ನಿಮ್ಮ ಕಾಗದ ಸಿಕ್ಕಿದ್ದು ಬುಧವಾರ. ಎರಡೂ ತಾರೀಖಿನದನ್ನು ಎರಡೆರಡು ಸಲ ಓದಿದೆ. ಸೋಮವಾರ ಹತ್ತು ಗಂಟೆಗೆ ಎಲ್ಲವನ್ನೂ ಬರೆದು ಮೀಸೆ ಸಾರ್ ಮುಂದೆ ಇಟ್ಟೆ. ಓದಿ, ಕನ್ನಡಕ ಒರೆಸಿ, ಮತ್ತೆ ಓದಿದರು.

“ಇದಕ್ಕೆ ಸಹಿ ಹಾಕಿದ್ರೆ ಇವತ್ತೇ ಕೊನೆ ದಿನ. ಗೊತ್ತಲ್ಲ?”

“ಹಾಕಿದ್ದೀನಿ ಸಾರ್. ಕೆಳಗಿದೆ ನೋಡಿ.”

“ಕೋಣೆ ಹುಡುಕಿದ್ದು ಯಾಕೆ ಅಂತ ಬರೆದಿಲ್ಲ.”

ನಾನು ಗಾಜಿನಾಚೆ ಮೆಕ್ಯಾನಿಕ್ಕುಗಳ ಕೊಠಡಿಯ ಕಡೆ ನೋಡಿದೆ. ಅವರೂ ನೋಡಿದರು. ನಮ್ಮವರು ಅದರ ಬಾಗಿಲಲ್ಲಿ ನಿಂತು ನಮ್ಮ ಕಡೆಯೇ ನೋಡುತ್ತಾ ಕೈ ಒರೆಸಿಕೊಳ್ಳುತ್ತಿದ್ದರು. “ಸಂಜೆ ಐದರವರೆಗೆ ಇದನ್ನ ಯಾರಿಗೂ ತೋರಿಸಬೇಡಿ ಸಾರ್” ಎಂದೆ. ಮೀಸೆ ಸಾರ್ ಕಾಗದ ಮಡಿಸಿ ಡ್ರಾಯರಿಗೆ ಹಾಕಿ ಬೀಗ ಹಾಕಿದರು. “ನನ್ನ ಗಡಿಯಾರ ನಿಧಾನ. ನಾಳೆ ಬೆಳಿಗ್ಗೆವರೆಗೂ ಐದಾಗಲ್ಲ” ಅಂದರು. ಹತ್ತು ನಿಮಿಷಕ್ಕೆ ಇವರನ್ನು ಊರಾಚೆಯ ಗೋದಾಮಿನ ಲಿಫ್ಟಿಗೆ ಕಳಿಸಿದರು. ಅಲ್ಲಿ ಲಿಫ್ಟು ಕೆಟ್ಟಿತ್ತೋ ಇಲ್ಲವೋ, ಕರೆ ಮಾತ್ರ ನನ್ನ ಮೇಜಿಗೆ ಬಂದಿರಲಿಲ್ಲ.

ಮನೆಗೆ ಹೋಗಿ ಒಂದು ಚೀಲ ತುಂಬಿದೆ. ಹೊರಡುವ ಮುಂಚೆ ಒಲೆ ಒರೆಸಿದೆ, ಯಾಕೆಂದು ಗೊತ್ತಿಲ್ಲ. ಫೋನನ್ನು ಮೇಜಿನ ಮೇಲೇ ಬಿಟ್ಟು ಬಂದೆ.

ಕ್ಷಮಿಸಿ ಎಂದು ಬರೆದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತಿರಬಹುದು.

ಗಿಣಿ ಎಂದು ಸಹಿ ಮಾಡಲು ಕೈ ಬರುತ್ತಿಲ್ಲ.


೨೩ ಮೇ

ಗಿಣಿ,

ಹೊಡೆದುಹಾಕಿದ್ದು ಕಾಣುತ್ತಿದೆ. ಐದು ಕಡೆ.

ವಿಚಾರಣೆ ಮುಗಿಯಿತು. ಕೊನೆಯ ಹಾಳೆ ನನ್ನದಲ್ಲವೆಂದು ಒಪ್ಪಿದರು. ಉಳಿದ ಹದಿಮೂರು ನನ್ನವು, ಚೀಟಿ ಇಲ್ಲದೆ ಸೀಟು ಬಿಟ್ಟದ್ದೂ ನನ್ನದು, ಅದಕ್ಕೆ ಎಚ್ಚರಿಕೆ ಪತ್ರ. ಜೂನ್ ಒಂದರಿಂದ ವಾಪಸ್ ಬಾ ಎಂದರು. ಬೇಡ ಎನ್ನಬೇಕೆಂದು ಬಸ್ಸಿನ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಬಾಯಿಂದ “ಬರ್ತೀನಿ ಸಾರ್” ಎಂದು ಬಂತು. ತಮ್ಮನ ಹೆಂಡತಿ ನನ್ನ ಪೆಟ್ಟಿಗೆಗಳನ್ನು ತಾನೇ ಕಟ್ಟಿಕೊಟ್ಟಳು.

ಹೊರಗೆ ಬಂದಾಗ ತಂತಿ ಕಂಡ. ಅವನ ಕೀಲಿಗಳನ್ನು ವಾಪಸ್ ಕೊಟ್ಟಿದ್ದಾರೆ. ದೂರು ಕೊಟ್ಟವಳು ನಾನೆಂದು ಆ ಹೊತ್ತಿಗೆ ಅವನಿಗೆ ಗೊತ್ತಾಗಿತ್ತು. ನಾನು ಏನೇನೋ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡು, ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ. “ಒಂದ್ ಮಾತು ನನ್ನನ್ನೇ ಕೇಳಬಹುದಿತ್ತಲ್ಲ ಅಕ್ಕ.” ಅಷ್ಟೇ. ತಲೆ ತಗ್ಗಿಸಿಕೊಂಡು ಹೋದ.

ನಿನ್ನ ಮೇಲೆ ಬರೆಯಬೇಕೆಂದಿದ್ದ ಸಿಟ್ಟಿನ ಅರ್ಧ ಅಲ್ಲೇ ಇಳಿಯಿತು. ಅರ್ಧ ಹಾಗೇ ಇದೆ, ಸುಳ್ಳು ಹೇಳುವುದಿಲ್ಲ.

ಅಕ್ಕ


೨೦ ಜೂನ್

ಅಕ್ಕಾ,

ಇಲ್ಲೇ ಎರಡು ಬೀದಿಯಾಚೆ ಬಟ್ಟೆ ಒಗೆಯುವ ಅಂಗಡಿಯ ಕೌಂಟರಿನಲ್ಲಿ ಕೆಲಸ ಸಿಕ್ಕಿದೆ. ಚೀಟಿಗಳನ್ನು ಕೈಯಲ್ಲೇ ಬರೆಯಬೇಕು. ಬೀದಿಯ ಕಡೆಯ ಕಿಟಕಿಗೆ ಬೆನ್ನು ಹಾಕಿ ಕೂರುತ್ತೇನೆ.

ಮೊನ್ನೆ ಆ ದರ್ಜಿಯ ಮನೆಗೆ ಹೋಗಿದ್ದೆ. ನಾಲ್ಕನೇ ಮಹಡಿ, ಮೆಟ್ಟಿಲು ಹತ್ತಿಕೊಂಡೇ ಹೋದೆ. ಬಾಗಿಲು ತೆಗೆದು, “ಹೊಲಿಯೋದು ಬಿಟ್ಟು ಎಂಟು ವರ್ಷ ಆಯ್ತಮ್ಮ” ಅಂದರು. ನಾನು ಹೊಲಿಸಲು ಬಂದಿಲ್ಲ, ಆವತ್ತು ನಿಮ್ಮ ಕರೆ ಎತ್ತದೇ ಇದ್ದವಳು ಎಂದೆ. ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದರು. ಆಮೇಲೆ ಕುರ್ಚಿ ಎಳೆದು ಹಾಕಿದರು.

“ಕೂತ್ಕೋ. ನಿಮ್ಮ ಆಫೀಸಿಂದ ಮೂರು ಕಾಗದ ಬಂತು. ಮೂರರಲ್ಲೂ ವಿಷಾದ. ಬೈಯೋಣ ಅಂದ್ರೆ ಎದುರಿಗೆ ಒಂದು ಪ್ರಾಣಿ ಇಲ್ಲ. ಈಗ ಸಿಕ್ಕಿದ್ದೀಯ.”

ಬೈದರು ಅಕ್ಕ. ಕಾಲು ಗಂಟೆ ಬೈದರು. ಕೈಯಲ್ಲಿದ್ದ ಹಾಲು ಚೆಲ್ಲಿದ್ದು, ಗೋಡೆ ಬಡಿದು ಬಡಿದು ಬೆರಳು ಊದಿದ್ದು. ಕೊನೆಗೆ ದನಿ ತಗ್ಗಿಸಿ ಹೇಳಿದರು, “ಅಲ್ಲೇ ಬಟ್ಟೆಯೆಲ್ಲ ಒದ್ದೆ ಆಯ್ತು. ಬಾಗಿಲು ತೆಗೆದಾಗ ಕಟ್ಟಡದವರೆಲ್ಲ ನಿಂತಿದ್ರಂತೆ. ಐವತ್ತು ವರ್ಷ ಊರಿಗೆಲ್ಲ ಬಟ್ಟೆ ಹೊಲಿದವನು ನಾನು. ಇದಕ್ಕೇನು ಹೇಳ್ತೀಯ?”

“ಮೂರನೇ ಸಲ ನಿಮ್ಮ ಕರೆ ಕಂಡಿತ್ತು, ಎತ್ತಲಿಲ್ಲ” ಎಂದೆ.

ನೀರು ತಂದುಕೊಟ್ಟರು. ಆ ಹೊತ್ತಿನಲ್ಲಿ ನಾನೇನು ಮಾಡುತ್ತಿದ್ದೆ ಎಂದು ಕೇಳಿದರು, ಹೇಳಿದೆ. ಬಾಗಿಲವರೆಗೂ ಬಂದು, “ಕೋಣೆ ಸಿಕ್ತಾ?” ಅಂದರು. ಸಿಕ್ಕಿತು ಎಂದೆ.

“ಎಷ್ಟನೇ ಮಹಡಿ?”

“ನೆಲಮಹಡಿ.”

“ಒಳ್ಳೇದಾಯ್ತು ಬಿಡು” ಎಂದು ಬಾಗಿಲು ಹಾಕಿಕೊಂಡರು.

ನಮ್ಮವರು ಆಫೀಸಿನಲ್ಲಿ ನಿಮ್ಮನ್ನು ಏನಾದರೂ ಕೇಳುತ್ತಾರೆಯೇ? ಗೊತ್ತಾದರೆ ಒಂದು ಸಾಲು ಬರೆಯಿರಿ. ಗೊತ್ತಾಗದಿದ್ದರೂ ಬರೆಯಿರಿ.

ಗಿಣಿ


೧೨ ಜುಲೈ

ಗಿಣಿ,

ನಿನ್ನ ಕುರ್ಚಿಗೆ ಒಬ್ಬ ಹೊಸ ಹುಡುಗಿ ಬಂದಿದ್ದಾಳೆ. ಚುರುಕು. ಮೊನ್ನೆ ನಾನು ಏಳುವಾಗ “ಹೋಗ್ಬನ್ನಿ ಅಕ್ಕ, ಫೋನ್ ನಾನು ನೋಡ್ಕೋತೀನಿ” ಅಂದಳು. ಬೇಡ ಎಂದು ಕೂತುಬಿಟ್ಟೆ. ನೀರು ಕುಡಿಯಲು ಹೋದರೂ ಪರದೆಗೆ ಬೀಗ ಹಾಕಿ ಹೋಗುತ್ತೇನೆ. ಈ ಬುದ್ಧಿ ನೀನು ಕಲಿಸಿದ್ದು. ಅದನ್ನು ಮಾತ್ರ ನಿನಗೆ ಇನ್ನೂ ಕ್ಷಮಿಸಿಲ್ಲ.

ನಿನ್ನ ಗಂಡ ದಿನಾ ಬರುತ್ತಾನೆ. ಕೆಲಸದ ಚೀಟಿ ಇಸಿದುಕೊಳ್ಳುವ ನೆಪ. “ಅವಳ ಕಾಗದ ಬಂತಾ ಅಕ್ಕ?” ಇಲ್ಲ ಎನ್ನುತ್ತೇನೆ. “ಊರಲ್ಲಿ ಇದ್ದಾಳೋ ಇಲ್ವೋ, ಅಷ್ಟಾದ್ರೂ ಹೇಳಿ.” ಗೊತ್ತಿಲ್ಲಪ್ಪ ಎನ್ನುತ್ತೇನೆ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ನನಗೇ ತಿಳಿದಿರಲಿಲ್ಲ. ಅವನು ನಂಬುತ್ತಾನೆಂದು ನನಗೆ ನಂಬಿಕೆಯಿಲ್ಲ. ಕಳೆದ ವಾರ ಎರಡು ಸಂಜೆ ನನ್ನ ಬಸ್‌ಸ್ಟಾಪಿನಲ್ಲಿ ಪೇಪರು ಓದುತ್ತಾ ನಿಂತಿದ್ದ. ಆ ದಾರಿಯಲ್ಲಿ ಅವನಿಗೆ ಯಾವ ಬಸ್ಸೂ ಇಲ್ಲ. ನಿನ್ನೆ ತಂತಿ ನನ್ನ ಮೇಜಿನ ಹತ್ತಿರ ಬಂದು, ಮುಖ ನೋಡದೆ, “ಅಕ್ಕ, ಹಿಂದಿನ ಗೇಟಿಂದ ಹೋಗಿ” ಎಂದಷ್ಟೇ ಹೇಳಿ ಹೋದ. ಅವನೀಗ ಬೈಕಿನಲ್ಲಿ ಒಬ್ಬನೇ ಓಡಾಡುತ್ತಾನೆ.

ಭಾನುವಾರ ಬರುತ್ತೇನೆ. ಎರಡು ಬಸ್ಸು ಬದಲಾಯಿಸಿ, ಮಾರುಕಟ್ಟೆಯೊಳಗಿಂದ ಸುತ್ತಿ ಬರುತ್ತೇನೆ, ಹಾಗಾಗಿ ಇಷ್ಟೇ ಗಂಟೆಗೆಂದು ಹೇಳಲಾರೆ. ಬಂದು ಏನು ಮಾತಾಡುತ್ತೇನೋ ಗೊತ್ತಿಲ್ಲ. ಬಹುಶಃ ಮೊದಲು ಬೈಯುತ್ತೇನೆ. ಆ ದರ್ಜಿಯವರಷ್ಟು ಚೆನ್ನಾಗಿ ಬರಲಿಕ್ಕಿಲ್ಲ.

ಬಾಗಿಲು ಬಡಿದರೆ ಕೂಡಲೇ ತೆಗೆಯಬೇಡ. ಯಾರೆಂದು ಕೇಳು. ನಾನು ಎಂದು ನನ್ನ ದನಿಯೇ ಕೇಳಿಸಿದರೂ ತೆಗೆಯಬೇಡ. ಮೊದಲು ಕಿಟಕಿಯಿಂದ ನನ್ನ ಹಿಂದೆ ಯಾರಿದ್ದಾರೆಂದು ನೋಡು.

ಅಕ್ಕ